ಡ್ಯಾಶ್‌ಬೋರ್ಡಿನ ಕೆಳಗಿನ ಮೂರು ಚುಕ್ಕಿ

ನಿವೃತ್ತಿಗೆ ವಯಸ್ಸಿನ ಷರತ್ತು ಇದೆಯೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ನನಗೆ ಮೂವತ್ತಮೂರು. ನಮ್ಮಪ್ಪ ಐವತ್ತೆಂಟು ತುಂಬಿದ ದಿನ ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ಶಾಲು, ಹಾರ, ಒಂದು ಗೋಡೆ ಗಡಿಯಾರ ಹಿಡಿದುಕೊಂಡು ತಾರ್ನಾಕದ ಮನೆಗೆ ಬಂದರು. ಅವರನ್ನು ಎಲ್ಲರೂ ನಿವೃತ್ತರು ಎನ್ನುತ್ತಾರೆ. ನಾನು ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅದೇ ಮನೆಗೆ ಬಂದೆ. ನನ್ನನ್ನು ಕೆಲಸ ಬಿಟ್ಟವನು ಎನ್ನುತ್ತಾರೆ. ನನಗೆ ಕಾಣುವ ವ್ಯತ್ಯಾಸ ಗಡಿಯಾರದ್ದು ಮಾತ್ರ. ಒಂದು ಕಸುಬನ್ನು ಹನ್ನೊಂದು ವರ್ಷ ಮಾಡಿ, ಇನ್ನು ಮಾಡಲಾರದ ಸ್ಥಿತಿಗೆ ಬಂದವನು ನಿವೃತ್ತ. ಒಪ್ಪದವರು ಇಲ್ಲಿಗೇ ನಿಲ್ಲಿಸಬಹುದು.

ಕಣ್ಣಿನ ಕಥೆ ಚಿಕ್ಕದು, ಮುಗಿಸಿಬಿಡುತ್ತೇನೆ. ತಗಡು ಕತ್ತರಿಸುವ ಗ್ರೈಂಡರ್ ಹಿಡಿದಾಗ ಕನ್ನಡಕ ಹಾಕಿಕೊಳ್ಳಬೇಕು. ನಾನು ಹಾಕಿಕೊಳ್ಳುತ್ತಿರಲಿಲ್ಲ. ಬೆವರಿಗೆ ಕನ್ನಡಕ ಮಸುಕಾಗುತ್ತದೆ, ಮಸುಕಾದರೆ ಗೆರೆ ಕಾಣುವುದಿಲ್ಲ, ಗೆರೆ ಕಾಣದೆ ಕತ್ತರಿಸುವುದು ಹೆಚ್ಚಿನ ಅಪಾಯ, ಆದ್ದರಿಂದ ಕನ್ನಡಕ ಇಲ್ಲದಿರುವುದೇ ಸುರಕ್ಷಿತ. ಹಳೆಯ ಗಾಡಿ ಕಟ್ಟುವ ನಮ್ಮ ಶೆಡ್ಡಿನಲ್ಲಿ ಹತ್ತು ವರ್ಷ ಈ ವಾದವನ್ನು ಯಾರೂ ಸೋಲಿಸಲಿಲ್ಲ. ಹನ್ನೊಂದನೆಯ ವರ್ಷ ಸಾಸಿವೆಯಷ್ಟು ಕಬ್ಬಿಣದ ಚೂರು ಸೋಲಿಸಿತು. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ. ಸುತ್ತಿಗೆ ಎತ್ತಿದರೆ ತಗಡು ಎಲ್ಲಿದೆ ಎಂಬುದು ಬಡಿದ ಮೇಲೆ ಗೊತ್ತಾಗುತ್ತದೆ.

ಇದನ್ನು ಬರೆಯಲು ಕೂತದ್ದು ಎರಡು ವಾರದ ಹಿಂದೆ ಮನೆಗೆ ಬಂದ ಇಬ್ಬರು ಹುಡುಗರಿಂದಾಗಿ. ಇಂಜಿನಿಯರಿಂಗ್ ಮುಗಿಸಿದ್ದಾರೆ, ನಮ್ಮಂತೆ ಕನ್ನಡದವರೇ, ಒಬ್ಬ ಕಲಬುರಗಿ, ಇನ್ನೊಬ್ಬ ಇಲ್ಲೇ ಹುಟ್ಟಿದವನು. ಹಳೆಯ ಗಾಡಿಗಳನ್ನು ಹೊಸದಾಗಿ ಕಟ್ಟುವ ಕಸುಬಿಗೆ ಇಳಿಯುತ್ತಾರಂತೆ. ಹಳೆಯ ಕಾರಿನ ಚರ್ಮ ಉಳಿಸಿ, ಕರುಳು ಕಿತ್ತು, ದೊಡ್ಡ ಎಂಜಿನ್ ತುರುಕಿ, ಮೂತಿ ತಗ್ಗಿಸಿ ಓಡಿಸುವ ಹಾಟ್ ರಾಡ್ ಅವರ ಕನಸು. ಒಬ್ಬ ಚೀಲದಿಂದ ಒಂದು ಫೋಟೋ ತೆಗೆದ. ಊರಾಚೆಯ ಒಂದು ರೆಸಾರ್ಟಿನ ಹುಲ್ಲಿನ ಮೇಲೆ ನಿಂತ ಹಳೆಯ ಮಿಲಿಟರಿ ಲಾರಿ. ಹಸಿರು ಬಣ್ಣ, ಉದ್ದನೆಯ ಹಿಂಭಾಗ. ಅದು ನಿಮ್ಮ ಶೆಡ್ಡಿನ ಖಾಸಿಂ ಉಸ್ತಾದರ ಕೊನೆಯ ಗಾಡಿ, ಡ್ಯಾಶ್‌ಬೋರ್ಡಿನ ಕೆಳಗೆ ಅವರ ಮೂರು ಚುಕ್ಕಿ ಇದೆ, ನಮ್ಮ ಕಣ್ಣಾರೆ ನೋಡಿದ್ದೇವೆ ಎಂದರು. ಮಾರಾಟಕ್ಕಿದೆಯಂತೆ. ಕೊಂಡು, ಬಿಚ್ಚಿ, ಉಸ್ತಾದರ ಕೈಚಳಕ ಕಲಿಯುತ್ತಾರಂತೆ. ನಾನು ಚಹಾ ಕುಡಿಸಿ ಕಳಿಸಿದೆ. ಹೇಳಬೇಕಾದ್ದು ಹೇಳಲಿಲ್ಲ. ಹೇಳಬೇಕಾದಾಗ ಹೇಳದಿರುವುದು ಇದು ಎರಡನೆಯ ಸಲ. ಮೊದಲನೆಯ ಸಲದ ಬಗ್ಗೆಯೇ ಈ ಬರಹ.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ನನಗೆ ಸಿಕ್ಕದ್ದು ಒಂದೇ ಬಡ್ತಿ, ಅದು ಹೇಗೆ ಸಿಕ್ಕಿತು ಎಂಬುದು ತಾನಾಗಿ ಬರುತ್ತದೆ.

ಮನೆಯಿಂದ ನಡೆದು ಹೋಗುವಷ್ಟು ದೂರದ ವಿಶ್ವವಿದ್ಯಾಲಯದಲ್ಲಿ ನಾನು ಮೆಕ್ಯಾನಿಕಲ್ ಓದಿದೆ ಎಂದು ಪ್ರಮಾಣಪತ್ರ ಹೇಳುತ್ತದೆ. ನಿಜವಾಗಿ ಓದಿದ್ದು ಚರ್ಚಾಸ್ಪರ್ಧೆಯನ್ನು. ವೇದಿಕೆಗೆ ಹೋಗುವ ಮುನ್ನ ಚೀಟಿ ಎತ್ತಬೇಕು. ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಅಣೆಕಟ್ಟು ಬೇಕು ಎಂದು ಬೆಳಿಗ್ಗೆ ಗೆದ್ದು, ಬೇಡ ಎಂದು ಸಂಜೆ ಗೆದ್ದ ದಿನವೂ ಉಂಟು. ಗೆದ್ದ ಕಪ್ಪುಗಳು ಅಪ್ಪನ ಗಡಿಯಾರದ ಕೆಳಗೆ ಸಾಲಾಗಿ ಕೂತಿವೆ. ಎದುರಾಳಿಯ ಮಾತಿನಲ್ಲಿ ಲೆಕ್ಕ ಕೊಡಲಾಗದ ಜಾಗ ಹುಡುಕಿ ಅಲ್ಲಿ ಬೆರಳಿಡುವುದೇ ಆ ವಿದ್ಯೆಯ ಗುಟ್ಟು. ಎದುರಾಳಿ ಹೇಳುವುದು ನಿಜವೋ ಅಲ್ಲವೋ ಎಂಬುದು ಪಠ್ಯದಲ್ಲಿ ಇರಲಿಲ್ಲ.

ಓದು ಮುಗಿಸಿ ನಾನು ಸೇರಿದ ಶೆಡ್ಡು ಸನತ್‌ನಗರದ ಕೈಗಾರಿಕಾ ವಸಾಹತಿನ ಹಿಂಬದಿಯಲ್ಲಿ, ಒಂದು ಬೋಲ್ಟ್ ಕಾರ್ಖಾನೆಗೂ ಬ್ಯಾಟರಿ ಗೋದಾಮಿಗೂ ನಡುವೆ ಇತ್ತು. ಯಜಮಾನರು ದೇಸಾಯರು, ಧಾರವಾಡದ ಕಡೆಯವರು. ಸರ್ಕಾರಿ ವಾಹನಗಳ ವಿಭಾಗದಲ್ಲಿ ಇಂಜಿನಿಯರಾಗಿದ್ದು, ಹಳೆಯ ಜೀಪುಗಳ ಹುಚ್ಚಿಗೆ ಕೆಲಸ ಬಿಟ್ಟವರು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಒಳ್ಳೆಯತನ ಎಂದರೆ ಯಾರ ಮುಖಕ್ಕೂ ಕೆಟ್ಟದ್ದನ್ನು ಹೇಳದಿರುವುದು ಎಂದಾದರೆ ನಾನೂ ಒಪ್ಪುತ್ತೇನೆ. ಇರಿಸುಮುರಿಸಿನ ಅಪ್ಪಣೆ ಕೊಡಬೇಕಾದಾಗ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೊಡುತ್ತಿದ್ದರು. ಕ್ಯಾಲೆಂಡರಿಗೆ ಹೇಳಿದ ಹಾಗೆ. ಕೇಳಿಸಿಕೊಂಡವನು ಮಾಡಿದರೆ ಅದು ಅವನ ಇಷ್ಟ.

ತಗಡಿನ ಮತ್ತು ಚಾಸಿಯ ಕೆಲಸಕ್ಕೆ ಉಸ್ತಾದ್ ಖಾಸಿಂಸಾಬ್, ಹುಮನಾಬಾದಿನ ಕಡೆಯವರು. ಮನೆಯಲ್ಲಿ ದಖ್ನಿ, ಗಿರಾಕಿಗಳ ಜೊತೆ ತೆಲುಗು, ನನ್ನ ಮತ್ತು ದೇಸಾಯರ ಜೊತೆ ಕನ್ನಡ. ನಾನು ಸೇರಿದ ದಿನ ಒಂದು ಜೀಪು ಬಂದಿತ್ತು. ಕನ್ನಡಿಯಂಥ ಬಣ್ಣ. ಬಾಡಿ ಭಾಳ ಚೆನ್ನಾಗಿದೆ ಎಂದು ನಾನು ನಾಲ್ಕು ಕಾರಣ ಕೊಟ್ಟು ಹೇಳಿದೆ. ಖಾಸಿಂಸಾಬ್ ಜೇಬಿನಿಂದ ಹಳೆಯ ಸ್ಪೀಕರಿನ ಆಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿದರು. ಅದು ಟಪ್ಪೆಂದು ಕೆಳಗೆ ಬಿತ್ತು. ಬಣ್ಣದ ಕೆಳಗೆ ತಗಡಿಗಿಂತ ಲಪ್ಪಂ ಹೆಚ್ಚಿತ್ತು. ತುಕ್ಕು ತಿಂದ ತೂತುಗಳಿಗೆ ಮೆತ್ತುವ ಪುಟ್ಟಿಗೆ ಇಲ್ಲಿ ಹಾಗೆನ್ನುತ್ತಾರೆ.

“ಗೋಡಿಗೆ ಬಣ್ಣ ಹಚ್ಯಾರ, ಜೀಪಿಗಲ್ಲ,” ಎಂದರು ಖಾಸಿಂಸಾಬ್. “ನಿನ್ನ ನಾಕೂ ಕಾರಣ ಈಗ ಎಲ್ಲೆದಾವ, ವಕೀಲಾ?”

ಅಂದಿನಿಂದ ಶೆಡ್ಡಿನಲ್ಲಿ ನನ್ನ ಹೆಸರು ವಕೀಲ.

ಅವರು ತಗಡು ನೋಡುವ ರೀತಿ ಬೇರೆ. ಅಂಗೈ ಕೆಳಗೆ ತೆಳ್ಳಗಿನ ಮಲ್ ಬಟ್ಟೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಾಗಿಲಿನ ಉದ್ದಕ್ಕೂ ಒಮ್ಮೆ ಸವರುತ್ತಿದ್ದರು. ಬಟ್ಟೆ ಇದ್ದರೆ ಚರ್ಮ ಅಂಟುವುದಿಲ್ಲ, ಕೂದಲೆಳೆಯ ಉಬ್ಬುತಗ್ಗೂ ಕೈಗೆ ಬರುತ್ತದೆ. ನಾನು ಅಳತೆಪಟ್ಟಿ ಹಿಡಿದು ಅವರ ತಪ್ಪು ಹುಡುಕಲು ಒಂದು ವರ್ಷ ಪ್ರಯತ್ನಿಸಿದೆ. ಸಿಗಲಿಲ್ಲ.

ಮೂರು ಚುಕ್ಕಿ ಅವರ ಗುರುತು. ತಗಡಿನ ಕೆಲಸವೆಲ್ಲ ಮುಗಿದು, ಡ್ಯಾಶ್‌ಬೋರ್ಡನ್ನು ಬೋಲ್ಟು ಹಾಕಿ ಕೂರಿಸುವ ಮುಂಚೆ, ಅದನ್ನು ಮಗುಚಿ ಹಾಕಿ, ಹಿಂಬದಿಯಿಂದ ಪಂಚ್ ಎಂಬ ಮೊನೆಯುಳಿ ಇಟ್ಟು ಮೂರೇ ಏಟು. ಮುಂಬದಿಯ ಕೆಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮೂರು ಉಬ್ಬು ಏಳುತ್ತಿದ್ದವು. ಬಣ್ಣ ಬಿದ್ದ ಮೇಲೆ ಉಬ್ಬೋ ತಗ್ಗೋ ಕಣ್ಣಿಗೆ ತಿಳಿಯದು, ಬೆರಳಿಗೆ ಮಾತ್ರ ಗೊತ್ತು. ಹೊರಗಿನಿಂದ ಯಾಕೆ ಹೊಡೆಯುವುದಿಲ್ಲ, ಸುಲಭ ಅಲ್ಲವೇ ಎಂದು ಕೇಳಿದ್ದೆ. ಹೊರಗಿನಿಂದ ಹೊಡೆದರೆ ತಗ್ಗು ಬೀಳುತ್ತದೆ, ತಗ್ಗಿಗೆ ಯಾವನಾದರೂ ಲಪ್ಪಂ ತುಂಬಿ ನನ್ನನ್ನು ಅಳಿಸಿಬಿಡಬಹುದು, ಉಬ್ಬನ್ನು ಅಳಿಸಬೇಕಾದರೆ ತಗಡನ್ನೇ ತಿಕ್ಕಬೇಕು ಎಂದರು. ಗಿರಾಕಿಗಳಿಗೆ ದೇಸಾಯರು ಈ ಚುಕ್ಕಿಯನ್ನು ಹೇಳಿಯೇ ಗಾಡಿ ಒಪ್ಪಿಸುತ್ತಿದ್ದರು. ಮೂರು ಚುಕ್ಕಿ ಇದ್ದರೆ ಚಾಸಿಯಿಂದ ಬಾನೆಟ್ಟಿನವರೆಗೆ ಖಾಸಿಂ ಹೊಣೆ.

ನನ್ನ ಪ್ರಮಾದಗಳ ಪಟ್ಟಿ ಉದ್ದ, ಒಂದನ್ನು ಹೇಳುತ್ತೇನೆ. ಒಬ್ಬ ಜಮೀನುದಾರನಿಗೆ ತನ್ನ ಜೀಪು ಎತ್ತರವಾಗಬೇಕಿತ್ತು. ಆ ಜೀಪಿನಲ್ಲಿ ಸ್ಪ್ರಿಂಗ್ ಪಟ್ಟಿಗಳು ಗಾಲಿಗಳ ಅಚ್ಚು, ಅಂದರೆ ಆಕ್ಸಲಿನ ಕೆಳಗೆ ಕಟ್ಟಿಕೊಂಡಿರುತ್ತವೆ. ಮೇಲೆ ಕೂರಿಸಿದರೆ ಗಾಡಿ ಏಳುತ್ತದೆ. ಅದಕ್ಕೆ ಆಕ್ಸಲಿನ ಮೇಲ್ಭಾಗಕ್ಕೆ ಹೊಸ ಪೀಠ ಕತ್ತರಿಸಿ ಕೂಡಿಸಬೇಕು, ಎರಡು ದಿನದ ಕೆಲಸ. ನಾನು ಆಕ್ಸಲನ್ನೇ ಅರ್ಧ ಸುತ್ತು ತಿರುಗಿಸೋಣ, ಕೆಳಗಿರುವ ಪೀಠ ತಾನೇ ಮೇಲೆ ಬರುತ್ತದೆ ಎಂದೆ. ಖಾಸಿಂಸಾಬ್ ಗಡ್ಡ ಕೆರೆದುಕೊಂಡು ಮಾಡು ಎಂದರು. ಮಾಡಿದೆ. ಜಮೀನುದಾರನನ್ನು ಕೂರಿಸಿಕೊಂಡು ಮೊದಲ ಗೇರ್ ಹಾಕಿದೆ. ಜೀಪು ಗಾಂಭೀರ್ಯದಿಂದ ಹಿಂದಕ್ಕೆ ಹೋಗಿ ನೀರಿನ ಡ್ರಮ್ಮಿಗೆ ಗುದ್ದಿತು. ಆಕ್ಸಲ್ ತಲೆಕೆಳಗಾದರೆ ಗಾಲಿ ಉಲ್ಟಾ ತಿರುಗುತ್ತದೆ ಎಂಬ ಸರಳ ಸಂಗತಿ ನನ್ನ ವಾದದಲ್ಲಿ ಬಿಟ್ಟುಹೋಗಿತ್ತು.

“ಚಲೋ ಆತು,” ಎಂದರು ಖಾಸಿಂಸಾಬ್, ಡ್ರಮ್ಮನ್ನು ಎತ್ತಿ ನಿಲ್ಲಿಸುತ್ತ. “ಹಿಂದ ಹೋಗಾಕ ಎಲ್ಲಾ ಗೇರು, ಮುಂದ ಹೋಗಾಕ ಒಂದ. ನಿನ್ನ ಮಾತಿನಂಗ ಐತಿ ಗಾಡಿ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೆ ಹೋದೆ. ಹೇಳಿದ್ದರೆ ನೀನು ಕೇಳುತ್ತಿರಲಿಲ್ಲ, ಇನ್ನೊಂದು ಮಾತು ತರುತ್ತಿದ್ದೆ ಎಂದರು. ಜೀಪನ್ನು ನಾವಿಬ್ಬರೂ ಸೇರಿ ಬಿಚ್ಚಿ ಸರಿಮಾಡಿದೆವು. ಯಾರಿಗೂ ಏನೂ ಆಗಲಿಲ್ಲ. ಎಲ್ಲ ತಪ್ಪುಗಳೂ ನೀರಿನ ಡ್ರಮ್ಮಿಗೇ ಗುದ್ದಿ ನಿಲ್ಲುತ್ತವೆ ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಕೆಲಸದ ರೀತಿ ಬದಲಾದದ್ದೂ ಆ ವರ್ಷಗಳಲ್ಲೇ. ನಮ್ಮ ಈ ಊರಿನಲ್ಲಿ, ಆಂಧ್ರದ ರಾಜಧಾನಿಯಲ್ಲಿ, ಮೇಲ್ಸೇತುವೆಗಳು ಏಳುತ್ತಿದ್ದವು, ಊರಾಚೆಯ ಬಂಡೆಗಳ ನಡುವೆ ಸುಣ್ಣದ ಗೆರೆ ಎಳೆದು ಸೈಟು ಮಾರುತ್ತಿದ್ದರು, ಹೊಸ ಶ್ರೀಮಂತರಿಗೆ ಹಳೆಯ ಗಾಡಿ ಬೇಕಾಗಿತ್ತು. ನಾನು ಭಾನುವಾರಗಳಲ್ಲಿ ಅಬಿಡ್ಸ್‌ನ ಫುಟ್‌ಪಾತಿನಿಂದ ವಿದೇಶಿ ಮೋಟಾರು ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಹೊತ್ತು ತರುತ್ತಿದ್ದೆ. ಗಿರಾಕಿಗಳು ಮದುವೆ ಆಲ್ಬಮ್ ನೋಡಿದಂತೆ ನೋಡಿ ಬೆರಳು ತೋರಿಸುತ್ತಿದ್ದರು. ಮುಂದೆ ಬರುವವರಿಗೆ ಹೇಳುತ್ತೇನೆ: ನಿಮ್ಮ ಗಿರಾಕಿಗೆ ಗಾಡಿ ಬೇಡ. ತಾನು ಒಳಗೆ ಕೂತಿರುವ ಫೋಟೋ ಬೇಕು. ನೀವು ಗೆರೆ ನೇರ ಇಟ್ಟಿರೋ ಇಲ್ಲವೋ ಎಂದು ಬಗ್ಗಿ ನೋಡುವವನು ಹತ್ತು ವರ್ಷಕ್ಕೆ ಒಬ್ಬ ಬಂದರೆ ಪುಣ್ಯ.

ತಂತಿ ವೆಲ್ಡಿಂಗ್ ಯಂತ್ರ ಬಂದದ್ದೂ ಆಗಲೇ. ಅದರ ಹೊಲಿಗೆ ಜಡೆ ಹೆಣೆದಂತೆ ಕಾಣುತ್ತದೆ. ನಾನು ಅದರಲ್ಲಿ ಪಳಗಿದೆ. ಖಾಸಿಂಸಾಬ್ ಚಂದ ಐತಿ ಎಂದರು, ತಾವು ಮುಟ್ಟಲಿಲ್ಲ.

ನನ್ನ ಆರನೆಯ ವರ್ಷ ಆ ಲಾರಿ ಬಂತು. ಮಿಲಿಟರಿ ಹರಾಜಿನದ್ದು. ಯಾವ ಯುದ್ಧದ್ದು ಎಂಬ ಬಗ್ಗೆ ಮಾರಿದವನ ಕಥೆಯನ್ನು ನಾನು ನಂಬಲಿಲ್ಲ, ಮೂಗು ಮಾತ್ರ ಅದ್ಭುತವಾಗಿತ್ತು. ಕೊಂಡವನು ಒಬ್ಬ ಕಾಂಟ್ರಾಕ್ಟರ್. ತನ್ನ ಹೊಸ ಬಡಾವಣೆಯ ಉದ್ಘಾಟನೆಯ ದಿನ ಮೆರವಣಿಗೆಗೆ ಅದೇ ಮುಂದಿರಬೇಕು, ಹಿಂದೆ ಬ್ಯಾಂಡಿನವರು ನಿಲ್ಲಬೇಕು, ನಡುವೆ ತಾನು ಕೈ ಮುಗಿದು ನಿಲ್ಲಬೇಕು. ಅದಕ್ಕೆ ಹಿಂಭಾಗ ಉದ್ದವಾಗಬೇಕು. ಅಂದರೆ ಚಾಸಿಯ ಹಿಂದಿನ ಎರಡು ಅಡ್ಡತೊಲೆಗಳನ್ನು ಬಿಚ್ಚಿ, ಜಾಗ ಬದಲಿಸಿ, ಮತ್ತೆ ಕೂಡಿಸಬೇಕು.

ಲಾರಿಯ ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಏಣಿಯ ಮೆಟ್ಟಿಲಂತೆ ಅಡ್ಡತೊಲೆಗಳು. ಉದ್ದದ ತೊಲೆಗೆ ಒಂದು ನಿಂತ ಭಾಗ, ಮೇಲೆ ಕೆಳಗೆ ಮಡಚಿದ ಅಂಚು. ನಿಂತ ಭಾಗಕ್ಕೆ ಖಾಸಿಂಸಾಬ್ ಗೋಡೆ ಎನ್ನುತ್ತಿದ್ದರು, ಅಂಚುಗಳಿಗೆ ತುಟಿ. ಅಡ್ಡತೊಲೆಯನ್ನು ಗೋಡೆಗೆ ಮಾತ್ರ ಕೂಡಿಸಬೇಕು, ಅದೂ ಕೆಂಪಗೆ ಕಾಯಿಸಿದ ರಿವೆಟ್ ಬಡಿದು. ತುಟಿಗೆ ಬೆಂಕಿ ಹಚ್ಚಬಾರದು. ಇದು ಅವರ ಕಾನೂನು. ಕುಲುಮೆ ತರಿಸಿ, ಇಬ್ಬರು ಬಡಿಯುವವರನ್ನು ಕರೆಸಿ, ಹದಿನೈದು ದಿನ ಎಂದರು. ಕಾಂಟ್ರಾಕ್ಟರನ ಮುಹೂರ್ತಕ್ಕೆ ಇದ್ದದ್ದು ಎಂಟು ದಿನ.

ನಾನು ಸುತ್ತಲೂ ತಂತಿ ವೆಲ್ಡಿಂಗ್ ಮಾಡೋಣ, ಗೋಡೆಗೂ ತುಟಿಗೂ ಎಂದೆ. ಎರಡು ದಿನ ಸಾಕು. ರಿವೆಟ್ಟಿಗೆ ತೂತು ಕೊರೆದರೆ ಉಕ್ಕು ಕಡಿಮೆಯಾಗುತ್ತದೆ, ವೆಲ್ಡಿಂಗ್ ಉಕ್ಕು ಸೇರಿಸುತ್ತದೆ. ಪತ್ರಿಕೆಯಲ್ಲಿ ವಿದೇಶಿಯರು ಇಡೀ ಚಾಸಿಯನ್ನೇ ವೆಲ್ಡ್ ಮಾಡಿದ ಚಿತ್ರಗಳಿದ್ದವು. ಪುಟ ತೆರೆದು ಕಾಂಟ್ರಾಕ್ಟರನ ಮುಂದೆ ಹಿಡಿದೆ.

“ಅವು ಕಾರು. ಅವರ ರಸ್ತೆ ಕನ್ನಡಿ,” ಎಂದರು ಖಾಸಿಂಸಾಬ್. “ಲಾರಿಗೆ ನಡು ಐತ್ರಿ. ಒಂದು ಗಾಲಿ ತಗ್ಗಿಗೆ ಬಿತ್ತಂದ್ರ ನಡು ಹೊಳ್ಳಬೇಕು. ರಿವೆಟ್ ಇದ್ರ ಹೊಳ್ಳತೈತಿ. ಸುತ್ತೂ ಸುಟ್ಟು ಕೂಡಿಸಿದ್ರ ಹೊಳ್ಳಂಗಿಲ್ಲ, ಹರೀತೈತಿ.”

“ಎಷ್ಟು ಹೊಳ್ಳತೈತಿ, ಉಸ್ತಾದ್?” ಎಂದೆ. “ಅರ್ಧ ಇಂಚೋ, ಒಂದು ಇಂಚೋ? ಲೆಕ್ಕ ಹೇಳ್ರಿ.”

“ಲೆಕ್ಕ ನನಗ ಬರಂಗಿಲ್ಲ. ಕೈಗೆ ಗೊತ್ತೈತಿ.”

“ಹಂಗಾರ ಲೆಕ್ಕ ಇಲ್ಲದ್ದಕ್ಕ ಒಂದು ವಾರ ಹೆಚ್ಚಿಗಿ ಕೇಳಾಕತ್ತೀರಿ.”

ಕಾಂಟ್ರಾಕ್ಟರ್ ನಕ್ಕು ಎರಡು ಸಲ ಚಪ್ಪಾಳೆ ತಟ್ಟಿದ. ಅವನಿಗೆ ಕನ್ನಡ ಅರ್ಧ ಅರ್ಥವಾಗುತ್ತಿತ್ತು, ಗೆದ್ದವರು ಯಾರು ಎಂಬುದು ಪೂರ್ತಿ ಅರ್ಥವಾಯಿತು. ಖಾಸಿಂಸಾಬ್ ಏನೋ ಹೇಳಲು ಕೈ ಎತ್ತಿ, ಗಾಳಿಯಲ್ಲಿ ಬಟ್ಟೆ ಹಿಂಡುವಂತೆ ಎರಡೂ ಮುಷ್ಟಿ ತಿರುಚಿ ತೋರಿಸಿದರು. ಹೊಳ್ಳುವುದೆಂದರೆ ಚಾಸಿ ಹೀಗೆ ತಿರುಚಿಕೊಳ್ಳುತ್ತದೆ ಎಂದು. ಕೈ ಇಳಿಸಿದರು. ದೇಸಾಯರು ಕ್ಯಾಲೆಂಡರ್ ನೋಡಿ ವೆಲ್ಡಿಂಗ್ ಆಗಲಿ ಎಂದರು.

ಒಂದು ಸಂಗತಿ ಯಾರಿಗೂ ಹೇಳಿಲ್ಲ. ಅಂದು ಚೀಟಿ ಎತ್ತಿಸಿ ನನಗೆ ರಿವೆಟ್ಟಿನ ಪರ ಕೊಟ್ಟಿದ್ದರೆ, ನಾನು ರಿವೆಟ್ಟನ್ನೂ ಅಷ್ಟೇ ಚೆನ್ನಾಗಿ ಗೆಲ್ಲಿಸುತ್ತಿದ್ದೆ. ತಿರುಚುವ ಬಲ ಎಂಬ ಅಧ್ಯಾಯ ನನ್ನ ಪಠ್ಯಪುಸ್ತಕದಲ್ಲಿ ಇತ್ತು. ಅವರ ಮುಷ್ಟಿ ತೋರಿಸಿದ್ದು ಅದನ್ನೇ. ನನಗೆ ಆ ಕ್ಷಣವೇ ನೆನಪಾಯಿತು, ಎದುರಾಳಿಗೆ ನಾನೇ ಅಂಕ ಕೊಡಬೇಕೇ ಎಂದು ಸುಮ್ಮನಾದೆ.

ವೆಲ್ಡಿಂಗ್ ನಾನೇ ಮಾಡಿದೆ. ಜಡೆಯಂಥ ಹೊಲಿಗೆ, ಈಗಲೂ ಅದಕ್ಕಿಂತ ಚೆಂದ ಮಾಡಿದ್ದು ನೆನಪಿಲ್ಲ. ಖಾಸಿಂಸಾಬ್ ಕ್ಯಾಬಿನ್ನು, ಬಾನೆಟ್ಟು ಮಾಡಿದರು. ಡ್ಯಾಶ್‌ಬೋರ್ಡ್ ಕೂರಿಸುವ ದಿನ ಬಂತು, ಪಂಚ್ ತೆಗೆಯಲಿಲ್ಲ. ಚುಕ್ಕಿ ಮರೆತಿರಿ ಎಂದೆ.

“ಮರ್ತಿಲ್ಲ,” ಎಂದರು. “ಬಾನೆಟ್ ನಂದು, ಕ್ಯಾಬಿನ್ ನಂದು. ಚಾಸಿ ನಂದಲ್ಲ. ಅರ್ಧ ಗಾಡಿಗೆ ಒಂದೂವರೆ ಚುಕ್ಕಿ ಹೊಡೀಲೇನು?”

ಗುರುವಾರ ಕಾಂಟ್ರಾಕ್ಟರ್ ಬಂದು ಡ್ಯಾಶ್‌ಬೋರ್ಡಿನ ಕೆಳಗೆ ಕಣ್ಣು ಹಾಯಿಸಿ ಚುಕ್ಕಿ ಎಲ್ಲಿ ಎಂದು ಕೇಳಿದ. ಚುಕ್ಕಿಯಿಲ್ಲದ ಗಾಡಿ ತನಗೆ ಬೇಡ ಎಂದ. ಕೊನೆಯ ಕೆಲಸ, ನಾಳೆ ಆಗುತ್ತದೆ ಎಂದು ದೇಸಾಯರು ಕಳಿಸಿದರು. ಆಮೇಲೆ ಕ್ಯಾಲೆಂಡರಿನ ಕಡೆ ತಿರುಗಿದರು.

“ವಕೀಲ, ಚುಕ್ಕಿ ಇರಬೇಕು ನೋಡಪಾ. ಹ್ಯಾಂಗ ಅಂತ ನನಗ ಹೇಳಬ್ಯಾಡ.”

ಶುಕ್ರವಾರ ಮಧ್ಯಾಹ್ನ ಖಾಸಿಂಸಾಬ್ ನಮಾಜಿಗೆ ಹೋದಾಗ ಅವರದೇ ಪಂಚ್ ತೆಗೆದುಕೊಂಡೆ. ಡ್ಯಾಶ್‌ಬೋರ್ಡ್ ಆಗಲೇ ಬೋಲ್ಟು ಹಾಕಿ ಕೂತಿತ್ತು, ಹಿಂದೆ ತಂತಿಗಳ ಗೊಂಚಲು, ಕೈ ಹೋಗುತ್ತಿರಲಿಲ್ಲ. ಹೊರಗಿನಿಂದ ಹೊಡೆದೆ. ಮೂರು ಏಟು, ಮೂರು ತಗ್ಗು. ಮೇಲೆ ಬಣ್ಣ ತಾಗಿಸಿದೆ. ಚುಕ್ಕಿ ಎಂದರೆ ಚುಕ್ಕಿ, ಯಾರು ಬೆರಳಿಟ್ಟು ನೋಡುತ್ತಾರೆ ಎಂದುಕೊಂಡೆ. ಕಾಂಟ್ರಾಕ್ಟರ್ ಸಂಜೆ ಬಂದು ಕಣ್ಣಲ್ಲಿ ನೋಡಿ, ಸಂತೋಷದಿಂದ ಗಾಡಿ ಒಯ್ದ.

ಮೆರವಣಿಗೆಗೆ ನಾನು ಹೋಗಿರಲಿಲ್ಲ. ನಡೆದದ್ದು ಇಷ್ಟು. ಬಡಾವಣೆಯ ಬಾಗಿಲಲ್ಲಿ ಕೇಬಲ್ಲಿಗೆ ಅಗೆದು ಮುಚ್ಚಿದ್ದ ಕಂದಕವಿತ್ತು. ಲಾರಿಯ ಎಡ ಹಿಂಗಾಲಿ ಅದರಲ್ಲಿ ಕುಸಿಯಿತು. ನಡು ಹೊಳ್ಳಬೇಕಿತ್ತು, ಹೊಳ್ಳಲಿಲ್ಲ. ಕೆಳತುಟಿ ಹರಿಯಿತು, ಹಿಂಭಾಗ ಒಂದು ಕಡೆಗೆ ಕೂತುಬಿಟ್ಟಿತು. ಮೂಲೆಯಲ್ಲಿ ನಿಂತು ಕ್ಲಾರಿನೆಟ್ ಊದುತ್ತಿದ್ದವನು ಕೆಳಗೆ ಬಿದ್ದ, ಅವನ ಕಾಲ ಮೇಲೆ ಮರದ ಹಲಗೆ ಬಿತ್ತು. ಪಾದ ಉಳಿಯಿತು, ನೆಟ್ಟಗೆ ನಡೆಯುವುದು ಉಳಿಯಲಿಲ್ಲ.

ಮೂರನೆಯ ದಿನ ಲಾರಿಯನ್ನು ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ನಾನು ಕೆಳಗೆ ತೂರಿ ನೋಡಿ ಬಂದು, ವೆಲ್ಡಿಂಗ್ ಬಿಟ್ಟಿಲ್ಲ, ಪಕ್ಕದ ಉಕ್ಕು ಹರಿದಿದೆ ಎಂದೆ. ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಬೆಂಕಿ ತಾಗಿದ ತುಟಿ ಬೆಂಕಿಯ ಪಕ್ಕದಲ್ಲೇ ಹರಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಖಾಸಿಂಸಾಬ್ ನನ್ನ ಮುಖ ನೋಡಲಿಲ್ಲ.

ಕಾಂಟ್ರಾಕ್ಟರನ ಜೊತೆ ಒಬ್ಬ ಸಬ್ ಇನ್ಸ್‌ಪೆಕ್ಟರ್ ಬಂದಿದ್ದರು. ದೂರಿನಲ್ಲಿ ಒಂದು ಹೆಸರು ಬೇಕಿತ್ತು. ಚಾಸಿ ಕೆಲಸ ಯಾರದು ಎಂದು ತೆಲುಗಿನಲ್ಲಿ ಕೇಳಿದರು. ಎರಡನೆಯ ಸಲ ಕೇಳಿದರು. ಕಾಂಟ್ರಾಕ್ಟರನ ಕಣ್ಣು ನನ್ನ ಮೇಲೆ ಬಂತು, ಅವನ ಎದುರಿಗೇ ನಾನು ವಾದಿಸಿದ್ದು ಅವನಿಗೆ ನೆನಪಿತ್ತು. ಆದರೆ ಅಂದು ಚಪ್ಪಾಳೆ ತಟ್ಟಿದವನು ತಾನು ಎಂಬುದೂ ನೆನಪಿತ್ತು. ಅವನು ಕಣ್ಣನ್ನು ಲಾರಿಯ ಕಡೆ ತಿರುಗಿಸಿದ. ಆಗ ದೇಸಾಯರು, ಯಾರ ಕಡೆಗೂ ನೋಡದೆ, ಗಾಡಿಯ ಮೇಲೇ ಗುರುತು ಇರುತ್ತದೆ ಎಂದರು.

ಖಾಸಿಂಸಾಬ್ ತಾವು ಹೊಡೆಯದ ಚುಕ್ಕಿಯ ಮಾತು ಕೇಳಿ ಒಂದು ಕ್ಷಣ ನಿಂತರು. ಆಮೇಲೆ ಕ್ಯಾಬಿನ್ನಿನ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದರು. ಎಂದಿನಂತೆ ಕಣ್ಣು ಮುಚ್ಚಿದರು. ಬೆರಳು ಅಂಚಿನ ಮೇಲೆ ಸರಿಯುತ್ತ ಹೋಗುವುದು ಅವರ ಭುಜದಲ್ಲಿ ನನಗೆ ಕಾಣುತ್ತಿತ್ತು. ಭುಜ ನಿಂತಿತು. ಅಲ್ಲಿ ಉಬ್ಬಿಲ್ಲ, ತಗ್ಗಿದೆ. ಶೆಡ್ಡಿನಲ್ಲಿ ಅದು ಇಬ್ಬರಿಗೆ ಗೊತ್ತಿತ್ತು. ಒಂದನೆಯದು, ಎರಡನೆಯದು, ಮೂರನೆಯದು. ಕಣ್ಣು ತೆರೆದು ನನ್ನನ್ನು ನೋಡಿದರು.

ಸಿಟ್ಟಿನ ನೋಟ ಆಗಿದ್ದರೆ ನನಗೆ ಉತ್ತರ ಗೊತ್ತಿತ್ತು. ಅದು ಕಾಯುವ ನೋಟ. ವೇದಿಕೆಯ ಮೇಲೆ ಎದುರಾಳಿಗೆ ಸಮಯ ಬಿಟ್ಟುಕೊಡುವವರು ನೋಡುವ ಹಾಗೆ. ಬೋಲ್ಟ್ ಕಾರ್ಖಾನೆಯ ಪ್ರೆಸ್ಸು ಬಡಿಯುವುದು ಕೇಳುತ್ತಿತ್ತು. ಆರೋ ಏಳೋ ಏಟು ಎಣಿಸಿದೆ. ನಾನು ಯಾವ ಸಭೆಯಲ್ಲೂ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ನೆನಪಿಲ್ಲ.

“ನಂದ ಐತಿ,” ಎಂದರು ಖಾಸಿಂಸಾಬ್, ಮೆಟ್ಟಿಲಿಂದ ಇಳಿದು. ಸಬ್ ಇನ್ಸ್‌ಪೆಕ್ಟರಿಗೆ ಅದನ್ನೇ ತೆಲುಗಿನಲ್ಲಿ ಹೇಳಿದರು.

ಗೇಟಿನ ಹತ್ತಿರ ಅವರನ್ನು ಹಿಡಿದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ದನಿ ಏರಿಸಿಯೇ ಕೇಳಿದೆ, ತಪ್ಪು ಅವರದೆಂಬಂತೆ.

“ನೀ ಹೇಳ್ತಿ ಅಂತ ತಡದೆ,” ಎಂದರು. “ಮಾತು ನಿನ್ನ ಕಸುಬು. ನೀ ಹೇಳಲಿಲ್ಲ. ಅಲ್ಲೊಬ್ಬಾಂವ ಕಾಲು ಮುರಕೊಂಡು ಮಲಗ್ಯಾನ, ಯಾರರ ಒಬ್ರು ಹೇಳಬೇಕಲ್ಲ.” ಸೈಕಲ್ ಹತ್ತುವ ಮುಂಚೆ ಇನ್ನೊಂದು ಮಾತು ಸೇರಿಸಿದರು. “ಹೊರಗಿಂದ ಹೊಡೀಬಾರದಿತ್ತು. ಹೊಡೆದ್ರೂ ನೆಟ್ಟಗ ಹೊಡೀಬೇಕಿತ್ತು. ನಡುವಿಂದು ವಾರೆ ಐತಿ.”

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಅವರು ಠಾಣೆಗೆ, ಕೋರ್ಟು ಕಚೇರಿಗೆ ಅಲೆದರು. ಆಸ್ಪತ್ರೆಯಲ್ಲಿ ಕ್ಲಾರಿನೆಟ್ಟಿನವನ ಪಕ್ಕ ಹೋಗಿ ಕೂರುತ್ತಿದ್ದರಂತೆ. ನಾನು ಒಮ್ಮೆಯೂ ಹೋಗಲಿಲ್ಲ, ಅವನ ಹೆಸರು ಕೂಡ ಕೇಳಿಕೊಳ್ಳಲಿಲ್ಲ. ಚುಕ್ಕಿ ಉಸ್ತಾದನ ಚಾಸಿ ಮುರಿಯಿತು ಎಂಬ ಸುದ್ದಿ ವಸಾಹತಿನ ಎಲ್ಲ ಶೆಡ್ಡುಗಳಿಗೂ ಹೋಯಿತು, ಯಾರೂ ಅವರನ್ನು ಕರೆಯಲಿಲ್ಲ. ದೇಸಾಯರು ಮುಂದಿನ ಸೋಮವಾರ ಕ್ಯಾಲೆಂಡರ್ ನೋಡುತ್ತ, ಖಾಸಿಂನ ಬೆಂಚು ಖಾಲಿ ಇದೆ ಎಂದರು. ಅದೇ ನನ್ನ ಬಡ್ತಿ. ಆ ಬೆಂಚಿನಲ್ಲಿ ಐದು ವರ್ಷ ಕೆಲಸ ಮಾಡಿದೆ. ಚುಕ್ಕಿ ಹೊಡೆಯಲಿಲ್ಲ. ಗಿರಾಕಿಗಳೂ ಕೇಳಲಿಲ್ಲ, ಪತ್ರಿಕೆಯ ಚಿತ್ರದಂತೆ ಇದ್ದರೆ ಅವರಿಗೆ ಸಾಕಾಗಿತ್ತು.

ಇವತ್ತಿಗೂ ನಾನು ನನ್ನ ಪರ ವಾದಿಸಬಲ್ಲೆ. ಲಾರಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಕಂದಕ ಮುಚ್ಚಿದವರು ಸರಿಯಾಗಿ ಮುಚ್ಚಿರಲಿಲ್ಲ. ಅಪ್ಪಣೆ ದೇಸಾಯರದು, ಅವಸರ ಕಾಂಟ್ರಾಕ್ಟರನದು. ನಾಲ್ಕೂ ನಿಜ. ನಾಲ್ಕು ಕಾರಣ ಎಂದಾಗಲೆಲ್ಲ ಆ ಆಯಸ್ಕಾಂತ ಟಪ್ಪೆಂದು ಬಿದ್ದ ಸದ್ದು ಕೇಳುತ್ತದೆ.

ಖಾಸಿಂಸಾಬರನ್ನು ಕೊನೆಗೆ ಕಂಡದ್ದು ಒಂದು ಬೇಸಿಗೆ, ಎರ್ರಗಡ್ಡದ ರಸ್ತೆ ಬದಿಯಲ್ಲಿ. ಬೇಸಿಗೆಗೆ ಕೂಲರ್ ಡಬ್ಬಿ ಮಾಡುತ್ತಿದ್ದರು. ಹುಲ್ಲಿನ ಚಾಪೆ ಸಿಕ್ಕಿಸಿ ನೀರು ಬಿಡುವ ತಗಡಿನ ಡಬ್ಬಿ, ಎರಡು ಬೇಸಿಗೆಗೆ ತುಕ್ಕು ಹಿಡಿಯುವಂಥದ್ದು. ನಾನು ಸ್ಕೂಟರ್ ನಿಲ್ಲಿಸಿದೆ. ಕೂರು ಎಂದರು, ಚಹಾ ತರಿಸಿದರು, ಕಣ್ಣಿಗೇನಾಯಿತು ಎಂದು ಕೇಳಿದರು. ಹೇಳಿದೆ. ಕನ್ನಡಕ ಹಾಕಿಕೋ ಎಂದು ಹೇಳಿದ್ದೆನಲ್ಲ ಎನ್ನಲಿಲ್ಲ. ಎದ್ದು ಬರುವಾಗ ಒಂದು ಡಬ್ಬಿಯ ಅಂಚಿನ ಮೇಲೆ ನನ್ನ ಕೈ ತಾನಾಗಿ ಹೋಯಿತು. ಮೂರು ಅಕ್ಕಿಕಾಳು.

“ಕೂಲರಿಗೂ ಏನ್ರಿ, ಉಸ್ತಾದ್?”

“ತಗಡು ತಗಡ ಅಲ್ಲೇನು?” ಎಂದು ಅವರು ಮುಂದಿನ ಹಾಳೆ ಎಳೆದುಕೊಂಡರು.

ಅವರು ಈಗಿಲ್ಲ. ಆ ಇಬ್ಬರು ಹುಡುಗರು ಬಂದಾಗ ಅದನ್ನೂ ನಾನು ಹೇಳಲಿಲ್ಲ. ರೆಸಾರ್ಟಿನ ಲಾರಿಯನ್ನು ಅವರು ಕೊಂಡುಕೊಳ್ಳಲಿ, ತಡೆಯುವುದಿಲ್ಲ. ಬಾನೆಟ್ಟಿನ ಮೇಲೆ ತೆಳ್ಳಗಿನ ಬಟ್ಟೆ ಹಾಕಿ ಕೈಯಾಡಿಸಿ ನೋಡಲಿ, ಅಷ್ಟು ಸಪಾಟು ತಗಡು ಈ ಊರಿನಲ್ಲಿ ಇನ್ನೊಂದಿಲ್ಲ. ಆಮೇಲೆ ಕೆಳಗೆ ಮಲಗಿ ಚಾಸಿಯ ಹಿಂಭಾಗ ನೋಡಲಿ, ಜಡೆಯಂಥ ಹೊಲಿಗೆ, ಪಕ್ಕದಲ್ಲಿ ಬಿರುಕು, ಬಿರುಕಿನ ಮೇಲೆ ಬಹುಶಃ ಯಾವನೋ ಮೆತ್ತಿದ ಲಪ್ಪಂ. ಕೊನೆಗೆ ಕ್ಯಾಬಿನ್ ಹತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ಬೆರಳಿಡಲಿ. ಕಣ್ಣಿಂದ ನೋಡಬಾರದು, ಬೆರಳಿಡಬೇಕು. ಈ ಊರಿನ ಯಾವ ಹಳೆಯ ಗಾಡಿಗಾದರೂ ಅದೇ ಪರೀಕ್ಷೆ. ಉಬ್ಬಿದ್ದರೆ ಖಾಸಿಂಸಾಬ್. ತಗ್ಗಿದ್ದರೆ, ನಡುವಿನದು ವಾರೆಯಿದ್ದರೆ, ಅದು ನಾನು.